ಟಯರಿಗೆ ಪಾಲಿಶ್ ಯಾಕ ಬೇಕ್ರವಾ?

ಅಕ್ಕಾರೇ, ಚಿಗವ್ವಾರೇ, ಓಣಿ ತಂಗ್ಯಾರೇ, ಹೋದ ಸಲ ಹುಣಸಿಹಣ್ಣು ಹುಳ ಬೀಳದಂಗ ಇಡೋದು ಹೆಂಗ ಅಂತ ಬರದಿದ್ದೆ. ಈ ಸಲ ಅಡಿಗಿಮನಿ ಬಿಟ್ಟು ಅಂಗಳಕ್ಕ ಬಂದೀನಿ. ಜಗಳ ಮಾಡಾಕ ಬಂದೀನಿ ಅಂದ್ರೂ ತಪ್ಪಿಲ್ಲ. ಆಯುಧ ಪೂಜಿ ಹತ್ರ ಬಂತು. ಇನ್ನೊಂದು ವಾರಕ್ಕ ನಮ್ಮ ಗಂಡಸ್ರು, ಹುಡುಗ್ರು ಬಕೀಟು, ಹಳೇ ಅರಿವಿ ಹಿಡ್ಕಂಡು ಗಾಡಿ ತೊಳಿಯಾಕ ನಿಂದರ್ತಾರ. ತೊಳೀಲಿ, ಬ್ಯಾಡ ಅನ್ನೋರ್ಯಾರು? ಆದ್ರ ತೊಳದಾದ ಮ್ಯಾಲೆ ಟಯರ್ ಪಾಲಿಶ್ ಅಂತ ಒಂದು ಡಬ್ಬಿ ತಗೀತಾರಲ್ಲ, ನನ್ನ ಜಗಳ ಆ ಡಬ್ಬಿ ಜೊತಿಗೆ.

ನಾವೂ ಕಮ್ಮಿ ಇಲ್ಲ ಬಿಡ್ರಿ. ಎದುರಿಗಿನ ಮನಿ ಗಾಡಿ ಟಯರ್ ಕರ್ರಗ ಮಿಂಚ್ತಿದ್ರ, ನಮ್ಮ ಗಾಡಿ ಯಾಕ ಬೂದಿ ಬಳದಂಗ ಐತಿ ಅಂತ ಕೇಳೋರು ನಾವ. ನಾನೂ ಕೇಳೀನಿ. ಹೋದ ವರ್ಷ ಪೂಜಿ ಹಿಂದಿನ ದಿನ ಮೈದುನನ ಮಗನ್ನ ಕರದು, "ಲೇ ತಮ್ಮಾ, ಅಕ್ಕನ ಗಾಡಿಗೂ ಚೂರು ಹಚ್ಚೋ" ಅಂದಾಕಿ ನಾನ. ಅದಕ್ಕ ಈ ಮಾತು ಹೇಳಾಕ ನನಗ ಹಕ್ಕೂ ಐತಿ, ಪ್ರಾಯಶ್ಚಿತ್ತನೂ ಐತಿ.

ಏನಾತು ಕೇಳ್ರಿ. ನನ್ನ ಮಗಳು ದಿನಾ ಸ್ಕೂಟಿ ಮ್ಯಾಲೆ ಅರಸೀಕೆರಿ ತನಕ ಹೋಗಿ, ಗಾಡಿ ಅಲ್ಲೇ ಬೀಗರ ಮನಿಯಾಗ ನಿಂದ್ರಿಸಿ, ಬಸ್ ಹಿಡಿದು ಕಾಲೇಜಿಗೆ ಹೋಗ್ತಿದ್ಲು. ಎರಡು ವರ್ಷ ಹಂಗ ಓಡಾಡ್ಯಾಳ, ಒಂದಿನ ಬಿದ್ದಾಕಿ ಅಲ್ಲ. ಆಯುಧ ಪೂಜಿ ದಿನ ಆ ಹುಡುಗ ಪ್ರೀತಿಲೇ ಸ್ಪಂಜಿಗೆ ಪಾಲಿಶ್ ಸುರ್ಕಂಡು ಎರಡೂ ಟಯರಿಗೆ ಬಳದ. ಪಕ್ಕಕ್ಕಷ್ಟ ಅಲ್ಲ, ನೆಲಕ್ಕ ತಾಗೋ ಜಾಗಕ್ಕೂ ಬಳದ. ಹೊಳಪು ಅಂದ್ರ ಹೊಳಪು, ಮುಖ ನೋಡ್ಕೋಬಹುದಿತ್ತು. ಎಲ್ಲಾರೂ ಚೆಂದ ಅಂದ್ವಿ. ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ, ನಿಂಬಿಹಣ್ಣು ಇಟ್ಟು ಪೂಜಿ ಮಾಡಿದ್ವಿ.

ಮರುದಿನ ಬನ್ನಿ ಕೊಡಾಕ ಮಗಳು ನನ್ನ ನೆಗೆಣ್ಣಿನ್ನ ಹಿಂದ ಕೂಡ್ರಿಸ್ಕಂಡು ಅರಸೀಕೆರಿಗೆ ಹೊಂಟ್ಲು. ಊರು ದಾಟಿ ಒಂದು ತಿರುವಿನಾಗ ಗಾಡಿ ಚೂರು ವಾಲ್ತು, ವಾಲಿದ್ದು ಎದ್ದು ನಿಲ್ಲಲೇ ಇಲ್ಲ. ಸೋಪಿನ ಮ್ಯಾಲೆ ಕಾಲಿಟ್ಟಂಗ ಹಿಂದಿನ ಗಾಲಿ ಸರ್ರನ ಜಾರಿತು. ಮಗಳ ಮೊಣಕಾಲು ಕೆತ್ತಿ ಹೋತು. ನೆಗೆಣ್ಣಿ ಕೈ ಊರಿದ್ಲು ನೋಡ್ರಿ, ಮಣಿಕಟ್ಟು ಮುರೀತು. ದಾವಣಗೆರಿಗೆ ಕರ್ಕಂಡು ಹೋಗಿ ಪಟ್ಟಿ ಹಾಕ್ಸಿದ್ವಿ. ಆಕಿ ಆರು ವಾರ ರೊಟ್ಟಿ ಬಡಿಲಿಲ್ಲ, ನಾನ ಎರಡೂ ಮನಿ ರೊಟ್ಟಿ ಬಡದೆ. ಅದೇನು ದೊಡ್ಡದಲ್ಲ. ದೊಡ್ಡದು ಮುಂದೈತಿ.

ಮನಿಯಾಗ ಪಂಚಾಯ್ತಿ ಕೂಡಿತು. ಒಬ್ರು ದೃಷ್ಟಿ ಆಗೈತಿ ಅಂದ್ರು. ಒಬ್ರು ರಸ್ತಿ ಮ್ಯಾಲೆ ಮೆಕ್ಕೆಜ್ವಾಳದ ಕಾಳು ಬಿದ್ದಿತ್ತು ಅಂದ್ರು. ಕಡೀಕ ಎಲ್ಲಾರೂ ಒಂದ ಮಾತಿಗೆ ಬಂದ್ರು: "ಹುಡುಗಿ ಜೋರಾಗಿ ಹೊಡದಾಳ. ಹೆಣ್ಮಕ್ಳ ಕೈಗೆ ಗಾಡಿ ಕೊಟ್ರ ಹಿಂಗ ಆಗೋದು." ಅವತ್ತಿನಿಂದ ಸ್ಕೂಟಿ ಕೀ ದೇವರಮನಿ ಬಾಗ್ಲ ಮೊಳಿಗೆ ನೇತಾಡ್ತೈತಿ. ಈಗ ಮಗಳು ಅಣ್ಣ ಬಿಡುವಾದಾಗ ಬಿಟ್ಟು ಬರ್ಬೇಕು, ಇಲ್ಲಂದ್ರ ಆಟೋ ಕಾಯ್ಬೇಕು. ದಿನಾ ಮೊದಲ್ನೇ ಕ್ಲಾಸ್ ತಪ್ಪತೈತಿ. ಆಕಿ ಏನೂ ಮಾತಾಡಂಗಿಲ್ಲ, ಅದ ನನಗ ಹೆಚ್ಚು ಉರಿ.

ಆ ರಾತ್ರಿ ನಾನು ಹಳೇ ಬಿಳಿ ಪಂಚಿ ಚೂರು ತಗಂಡು ಹೋಗಿ ಹಿಂದಿನ ಟಯರ್ ಒರಸಿ ನೋಡ್ದೆ. ನೆಲಕ್ಕ ತಾಗೋ ನಟ್ಟನಡುವಿನ ಪಟ್ಟಿ ಓಡಾಡಿ ಒಣಗಿತ್ತು. ಅದರ ಎರಡೂ ಬಾಜು, ಗಾಡಿ ವಾಲಿದಾಗ ನೆಲಕ್ಕ ತಾಗ್ತೈತಲ್ಲ ಆ ಅಂಚು, ಅಲ್ಲಿ ಅರಿವಿ ಇಟ್ಟ ಕೂಡ್ಲೆ ಹೊಗಿ ಹಿಡಿದ ಪಾತ್ರಿ ಒರಸಿದಂಗ ಕರಿ ಜಿಡ್ಡು ಬಂತು. ಕಾಳಿನ ಪಾಲು ಇರಬಹುದು, ನಾನು ಇಲ್ಲ ಅನ್ನಂಗಿಲ್ಲ. ಆದ್ರ ಅದ ರಸ್ತಿ, ಅದ ಕಾಳು, ಅದ ತಿರುವು ಹಿಂದಿನ ವರ್ಷನೂ ಇದ್ವು. ಹೊಸದಾಗಿ ಬಂದಿದ್ದು ಆ ಜಿಡ್ಡೊಂದ.

ಈಗ ಈ ಪಾಲಿಶ್ ಅಂದ್ರ ಏನು ಅಂತ ತಿಳ್ಕಳಣ. ಡಬ್ಬಿಯಾಗ ಬರೋದು ಹೆಚ್ಚಾಗಿ ಎರಡು ತರದ್ದು. ಒಂದು, ಹಾಲಿನಂಗ ಬೆಳ್ಳಗ ಇರ್ತೈತಿ. ನೀರಿನಾಗ ಸಿಲಿಕಾನ್ ಎಣ್ಣಿ ಕಡದಿರ್ತಾರ. ಇನ್ನೊಂದು, ಸೀಮಿಎಣ್ಣಿ ಜಾತಿ ದ್ರಾವಕದಾಗ ಸಿಲಿಕಾನ್ ಕರಗಿಸಿದ್ದು. ಜಿಗಿಜಿಗಿ ಅಂತೈತಿ, ಹೊಳಪು ಹೆಚ್ಚು. ಮೂರನೇದು ಡಬ್ಬಿಯಾಗ ಬರಂಗಿಲ್ಲ: ಡೀಸಲ್ಲಿಗೆ ಸುಟ್ಟ ಆಯಿಲ್ ಕಲಸಿ ಕುಂಚದಾಗ ಬಳಿಯೋದು. ಟ್ರ್ಯಾಕ್ಟರ್ ಟಯರಿಗೆ ಹಿಂಗ ಬಳಿಯೋದನ್ನ ನೀವೂ ನೋಡೀರಿ. ಯಾವುದ ಆಗ್ಲಿ, ಸಿಲಿಕಾನೂ ಎಣ್ಣಿ, ಆಯಿಲೂ ಎಣ್ಣಿ. ಎಣ್ಣಿ ಕೆಲಸ ಜಾರಿಸೋದು. ಟಯರಿನ ಕೆಲಸ ಹಿಡ್ಕೊಳ್ಳೋದು. ಎರಡಕ್ಕೂ ಸಂಬಂಧ ಹೆಂಗ ಕೂಡ್ತೈತಿ ಹೇಳ್ರಿ?

ಸ್ಕೂಟಿ ಟಯರು ನೆಲಕ್ಕ ತಾಗೋ ಜಾಗ ನಮ್ಮ ಅಂಗೈಯಷ್ಟೂ ಇರಂಗಿಲ್ಲ. ಮುಂದ ಕೂಸು, ಹಿಂದ ಅತ್ತಿ, ಕಾಲ ಹತ್ರ ಕಾಯಿಪಲ್ಯದ ಚೀಲ, ಇಷ್ಟೂ ಭಾರ ಅಂಥಾ ಎರಡು ಜಾಗದ ಮ್ಯಾಲೆ ನಿಂತಿರ್ತೈತಿ. ಕಾರಿಗೆ ನಾಲ್ಕು ಗಾಲಿ, ಒಂದು ಜಾರಿದ್ರ ಮೂರು ಹಿಡೀತಾವ, ಮ್ಯಾಲೆ ಕಾರು ವಾಲಂಗಿಲ್ಲ. ಎರಡು ಗಾಲಿ ಗಾಡಿ ತಿರುವಿನಾಗ ವಾಲಲೇಬೇಕು. ವಾಲಿದಾಗ ಟಯರಿನ ಅಂಚು ನೆಲಕ್ಕ ಬರ್ತೈತಿ. ಪಕ್ಕಕ್ಕಷ್ಟ ಹಚ್ಚೀನಿ ಅಂದ್ರೂ ಗಾಲಿ ತಿರುಗೋ ರಭಸಕ್ಕ ಎಣ್ಣಿ ಸರದು ಆ ಅಂಚಿಗೆ ಬರ್ತೈತಿ. ಅದಕ್ಕ ಎಷ್ಟೋ ಡಬ್ಬಿ ಮ್ಯಾಲೆ ಅವರ ಬರದಿರ್ತಾರ: ನೆಲಕ್ಕ ತಾಗೋ ಭಾಗಕ್ಕ ಹಚ್ಚಬ್ಯಾಡ್ರಿ, ಬೈಕು ಸೈಕಲ್ಲಿಗೆ ಹಚ್ಚಬ್ಯಾಡ್ರಿ ಅಂತ. ಇರುವಿ ಸಾಲಿನಂಥ ಅಕ್ಷರ, ಅದೂ ಇಂಗ್ಲಿಷಿನಾಗ. ಹಬ್ಬದ ಗಡಿಬಿಡಿಯಾಗ ಯಾರು ಓದ್ತಾರ?

ಇನ್ನ ಬ್ರೇಕಿನ ಮಾತು. ಕೆಲವರು ಸ್ಪ್ರೇ ತರ್ತಾರ. ಪುಸ್ ಅಂತ ಹೊಡದ್ರ ಟಯರಿಗಷ್ಟ ಬೀಳ್ತೈತೇನು? ಗಾಲಿ ನಡುವಿನ ಡಿಸ್ಕ್ ಬ್ರೇಕಿನ ತಟ್ಟಿಗೂ ಬೀಳ್ತೈತಿ. ಎಣ್ಣಿ ಬಿದ್ದ ಬ್ರೇಕು ಹಿಡಿಯಂಗಿಲ್ಲ. ಸಣ್ಣ ಹುಡುಗರ ಸೈಕಲ್ಲಿನಾಗ ಬ್ರೇಕಿನ ರಬ್ಬರು ರಿಮ್ಮಿಗೇ ಒತ್ತಿ ನಿಲ್ಲಿಸ್ತೈತಿ. ಅಣ್ಣನ ಗಾಡಿ ನೋಡಿ ತಮ್ಮನೂ ತನ್ನ ಸೈಕಲ್ಲಿಗೆ ಬಳಕಂಡ್ರ ಕತಿ ಮುಗೀತು. ಗುಡ್ಡದ ಊರಿನಾಗ ಇರೋರು ನಾವು, ಇಳಿಜಾರು ಅಂದ್ರ ಏನು ಅಂತ ನಮಗ ಹೇಳಿಕೊಡಬೇಕಾಗಿಲ್ಲ.

ನಾನು ಹಿಂಗ ಅಂದ್ರ ಮನಿ ಗಂಡಸ್ರು ಸುಮ್ನಿರ್ತಾರ? ಮೊದಲ ಮಾತು, "ಪಾಲಿಶ್ ಹಚ್ಚಿದ್ರ ಟಯರ್ ಬಿರುಕು ಬಿಡಂಗಿಲ್ಲ, ಬಿಸಲಿಗೆ ಕಾಯ್ತೈತಿ." ಕೇಳಾಕ ಸರಿ ಅನಿಸ್ತೈತಿ, ನಾವೂ ಕೈಕಾಲು ಒಡದ್ರ ಎಣ್ಣಿ ಹಚ್ತೀವಲ್ಲ. ಆದ್ರ ಟಯರ್ ನಮ್ಮ ಚರ್ಮ ಅಲ್ರವಾ. ರಬ್ಬರಿನ ನಿಜ ಬಣ್ಣ ಕರಿ ಅಲ್ಲ, ಬಿಳಿ. ಮೊದಮೊದಲ ಟಯರು ಬೆಳ್ಳಗ ಇದ್ವು. ಆಮ್ಯಾಲೆ ಅದಕ್ಕ ಕಾರ್ಬನ್ ಬ್ಲ್ಯಾಕ್ ಅನ್ನೋ ಕಾಡಿಗಿಯಂಥ ಪುಡಿ ಕಲಸಾಕ ಹತ್ತಿದ್ರು. ಅದು ಚೆಂದಕ್ಕಲ್ಲ, ಸವಕಳಿ ಕಮ್ಮಿ ಆಗ್ಲಿ, ಬಿಸಲು ತಡೀಲಿ ಅಂತ. ಅದರ ಜೊತಿಗೆ ಮೇಣದಂಥ ಪದಾರ್ಥಾನೂ ಒಳಗ ಕಲಸಿರ್ತಾರ. ಗಾಡಿ ಓಡ್ದಂಗ, ಟಯರ್ ಅಮುಕಿ ಹಿಗ್ಗಿದಂಗ, ಅದು ಚೂರುಚೂರ ಮ್ಯಾಲೆ ಬಂದು ಪೊರಿ ಕಟ್ಟಿ ಕಾಯ್ತೈತಿ. ಟಯರ್ ಮ್ಯಾಲೆ ಕಂದು ಬಣ್ಣ ಬಂದಂಗ ಕಾಣ್ತೈತಲ್ಲ, ಅದರಾಗ ಧೂಳಷ್ಟ ಇಲ್ಲ, ಈ ಕಾಯೋ ಪದಾರ್ಥಾನೂ ಐತಿ. ಅಂದ್ರ ತನಗ ಬೇಕಾದ ಎಣ್ಣಿ ಟಯರ್ ತನ್ನ ಹೊಟ್ಟಿಯಾಗ ಇಟ್ಕಂಡ ಹುಟ್ಟೈತಿ. ಡೀಸಲ್, ಸೀಮಿಎಣ್ಣಿ ಬಳದ್ರ ಆ ಪೊರಿ ತೊಳದು ಹೋಗ್ತೈತಿ, ರಬ್ಬರ್ ಉಬ್ಬಿ ಮೆತ್ತಗಾಗ್ತೈತಿ. ಕಾಯ್ತೀನಿ ಅಂತ ಹೋಗಿ ಕೊಂದಂಗ ಆತು.

ಎರಡನೇ ಮಾತು, "ಹಬ್ಬಕ್ಕ ಒಂದಿನ ಹಚ್ಚಿದ್ರ ಏನಾಗ್ತೈತಿ?" ನಮ್ಮ ಮನಿಯಾಗ ಆಗಿದ್ದೂ ಆ ಒಂದಿನದ ಪಾಲಿಶ್ಶಿನಾಗ. ಅದೂ ಅಲ್ದ ಹಬ್ಬದ ಮರುದಿನಾನ ರಸ್ತಿ ಕೆಟ್ಟದ್ದು. ನಮ್ಮ ಕಡೆ ದಸರಾ ಅಂದ್ರ ಮೆಕ್ಕೆಜ್ವಾಳ ಬರೋ ಹೊತ್ತು. ಕಣ ಇಲ್ದೋರು ಡಾಂಬರ್ ರಸ್ತಿ ಮ್ಯಾಲೆ ಹರವ್ತೀವಿ, ಕಾಳು ಬಿದ್ದಿರ್ತೈತಿ. ಊರಾಗ ಬೂದುಗುಂಬಳ ಒಡದು ನಡುಬೀದಿಯಾಗ ಬಿಟ್ಟಿರ್ತೀವಿ. ಅದರ ಮ್ಯಾಲೆ ಎಣ್ಣಿ ಬಳದ ಟಯರು. ಮೂರೂ ತಪ್ಪು ನಮ್ಮವ, ಬೈಸ್ಕೊಳ್ಳೋದು ಗಾಡಿ ಹೊಡಿಯೋ ಹುಡುಗಿ.

ಮೂರನೇ ಮಾತು, "ಕಾರಿಗೆ ಹಚ್ಚಬಹುದಲ್ಲ?" ಹುಬ್ಬಳ್ಳಿಯಾಗಿರೋ ನನ್ನ ತಮ್ಮ ಕೇಳಿದ್ದಿದು. ನ್ಯಾಯದ ಮಾತಿಗೆ ನ್ಯಾಯವಾಗೇ ಉತ್ತರ ಹೇಳ್ತೀನಿ. ಕಾರಿಗೆ ನೀರಿನಾಗ ಕಡದ ಬಿಳಿ ಪಾಲಿಶ್ಶು, ಪಕ್ಕಕ್ಕಷ್ಟ, ಅರಿವಿಗೆ ಚೂರು ತಗಂಡು ತೆಳ್ಳಗ ಹಚ್ಚಿ, ಒಣಗಿದ ಮ್ಯಾಲೆ ಇನ್ನೊಂದು ಅರಿವಿಲೆ ಒರಸಿದ್ರ ಅಂಥಾ ಅಪಾಯ ಇಲ್ಲ. ಹಂಗ ಮಾಡೋರು ಇದ್ರ ಮಾಡ್ಕಳ್ಳಿ, ನನ್ನ ಜಗಳ ಇಲ್ಲ. ಆದ್ರ ನಮ್ಮ ಮಣ್ಣು ನೆನಪಿರ್ಲಿ. ಎರಿ ಹೊಲದ ಧೂಳು, ಕೆಂಪು ಮಣ್ಣಿನ ಧೂಳು ಎರಡೂ ನಮ್ಮಲ್ಲಿ ಅದಾವ. ಜಿಡ್ಡು ಹಚ್ಚಿದ ಟಯರಿಗೆ ಧೂಳು ಹೋಳಿಗಿಗೆ ಹಿಟ್ಟು ಹತ್ತಿದಂಗ ಹತ್ತತೈತಿ. ಮುಂಜಾನೆ ಮಿಂಚಿದ್ದು ಸಂಜಿಗೆ ಮೊದಲಿಗಿಂತ ಹೊಲಸು. ಅದನ್ನ ಮುಚ್ಚಾಕ ಮತ್ತ ಪಾಲಿಶ್.

ಹೊಳಪಿನ ಖರ್ಚು ಡಬ್ಬಿಯ ದುಡ್ಡಿಗೇ ಮುಗಿಯಂಗಿಲ್ಲ. ಗಾಲಿ ತಿರುಗಿದಾಗ ಜಿಡ್ಡು ಹನಿಹನಿ ಸಿಡೀತೈತಿ. ಹಿಂದ ಕುಂತೋರ ಸೀರಿ ಅಂಚು ನೋಡ್ರಿ, ಕರಿ ಚುಕ್ಕಿ ಬಿದ್ದಿರ್ತಾವ. ನನ್ನ ನೆಗೆಣ್ಣಿದು ಇಳಕಲ್ ಸೀರಿ ಹಂಗ ಹಾಳಾತು. ನಿಮಗೂ ಹಂಗಾದ್ರ ಮೊದ್ಲ ನೀರು ಹಾಕಬ್ಯಾಡ್ರಿ. ಒಣ ಅರಿವಿ ಒತ್ತಿ ಜಿಡ್ಡು ತಗದು, ಪಾತ್ರಿ ತಿಕ್ಕೋ ಸೋಪು ಮೆಲ್ಲಕ ಸವರಿ, ಹತ್ತು ನಿಮಿಷ ಬಿಟ್ಟು ಒಗೀರಿ. ರೇಷ್ಮಿ ಸೆರಗಾದ್ರ ಮನಿಯಾಗ ಕೈ ಹಚ್ಚಬ್ಯಾಡ್ರಿ.

ಈಗ ಈ ಪಾಲಿಶ್ಶಿನ ಎಲ್ಲಾಕಿಂತ ದೊಡ್ಡ ತಪ್ಪು ಹೇಳ್ತೀನಿ: ಅದು ಮುಚ್ಚತೈತಿ. ಟಯರ್ ನಮಗ ಏನರ ಹೇಳೋದು ತನ್ನ ಮೈಮ್ಯಾಲೆ ಬರದು ಹೇಳ್ತೈತಿ. ಕೂದಲೆಳಿ ಬಿರುಕು, ಬಾವು ಬಂದಂಗ ಉಬ್ಬು, ನೆಟ್ಟ ಮೊಳಿ, ಒಂದ ಬಾಜು ಸವದಿದ್ದು. ಕರ್ರಗ ಬಳದು ಬಿಟ್ರ ಅದರ ಬಾಯಿ ಮುಚ್ಚಿದಂಗ. ಹಳೇ ಟಯರ್ ಮಾರೋರು ಪಾಲಿಶ್ ಬಳದು ಇಡೋದು ಇದಕ್ಕ. ನಮ್ಮ ಮನಿಯೋರು ಟ್ರ್ಯಾಲಿಗೆ ಅಂತ ಒಂದ್ಸಲ ಹಳೇ ಟಯರ್ ತಂದ್ರು. ಹೊಸದು ಬಂದಂಗ ಕಾಣ್ತಿತ್ತು. ಎರಡು ಮಳಿ ಆದ ಮ್ಯಾಲೆ ಕರಿ ತೊಳದು ಹೋಗಿ ನೋಡಿದ್ರ, ಬ್ಯಾಸಿಗ್ಯಾಗ ಒಣಗಿದ ಕೆರಿ ಅಂಗಳ ಬಿರಿತೈತಲ್ಲ ಹಂಗ ಬಿರಿದಿತ್ತು. ಆ ಟ್ರ್ಯಾಲಿಯಾಗ ದಿನಾ ಹನ್ನೆರಡು ಹೆಣ್ಮಕ್ಳು ಕಳೆ ತಗಿಯಾಕ ಕುಂತು ಹೋಗ್ತಿದ್ರು. ಅವರೊಳಗ ನಾನೂ ಒಬ್ಬಾಕಿ. ಅದು ನಡುದಾರ್ಯಾಗ ಸಿಡೀಲಿಲ್ಲ, ನಮ್ಮ ಪುಣ್ಯ. ಪುಣ್ಯದ ಮ್ಯಾಲೆ ಎಷ್ಟು ದಿನ ಟ್ರ್ಯಾಲಿ ಓಡಿಸೋದು?

ನಮ್ಮ ಹಿರೇರು ಇದನ್ನ ತಿಳದಿದ್ರು. ನಮ್ಮಜ್ಜ ಹುಣ್ಣಿವಿಗೆ ಉಚ್ಚಂಗೆಮ್ಮನ ಗುಡ್ಡಕ್ಕ ಬರೋ ಬೀಗರನ್ನ ಬಂಡಿ ಕಟ್ಟಿ ಕರ್ಕಂಡು ಬರ್ತಿದ್ದ. ಮೈಲಾರಕ್ಕ, ಕೊಟ್ಟೂರಿಗೆ ಬಂಡಿ ಕಟ್ಟಿದ್ರ ಮೂರು ದಿನ ಮೊದ್ಲ ತಯಾರಿ. ಹರಳೆಣ್ಣಿಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣಿ ಮಾಡಿ, ಗೊಟ್ಟದಾಗ ತುಂಬಿ ಬಂಡಿಗೆ ನೇತು ಹಾಕ್ತಿದ್ದ. ಆ ಎಣ್ಣಿ ಎಲ್ಲಿಗೆ ಹಾಕ್ತಿದ್ದ? ಗಾಲಿ ಒಳಗಿನ ಅಚ್ಚಿಗೆ. ನೆಲಕ್ಕ ತಾಗೋ ಕಬ್ಬಿಣದ ಹಳಿಗೆ ಯಾವತ್ತರ ಎಣ್ಣಿ ಬಳದಿದ್ದನೇನು? ಬಳದಿದ್ರ ಊರು ಮಂದಿ ನಗ್ತಿದ್ರು. ತಿರುಗೋ ಜಾಗಕ್ಕ ಎಣ್ಣಿ, ಹಿಡಿಯೋ ಜಾಗ ಒಣ. ಓದು ಬರಹ ಇಲ್ಲದೋರಿಗೆ ತಿಳದಿದ್ದು ನಮಗ ತಿಳಿಯಂಗಿಲ್ಲಂದ್ರ ಹೆಂಗ?

ಕೊಟ್ಟೂರು ಗುರುಬಸವೇಶ್ವರನ ತೇರು 2017ರ ಫೆಬ್ರವರಿಯಾಗ ಉರುಳಿದ್ದು ನಮಗೆಲ್ಲಾ ನೆನಪೈತಿ. ಹೂವು, ಬಾಳಿಕಂಬ, ಬಾವುಟ ಯಾವುದಕ್ಕೂ ಕೊರತಿ ಇರಲಿಲ್ಲ. ಗಾಲಿ ಅಚ್ಚು ಮುರೀತು ಅಂತ ಆವಾಗ ಪೇಪರಿನಾಗ ಬಂತು. ದೇವರ ತೇರಿಗೇ ಗಾಲಿ ನೋಡ್ಬೇಕು ಅಂದ ಮ್ಯಾಲೆ ನಮ್ಮ ಸ್ಕೂಟಿ ಯಾವ ಲೆಕ್ಕ?

ಗಾಳಿ ತುಂಬೋ ಟಯರ್ ಹುಟ್ಟಿದ್ದೂ ಚೆಂದಕ್ಕಲ್ಲ. ಬೆಲ್‌ಫಾಸ್ಟ್ ಅನ್ನೋ ಊರಾಗ ಡನ್‌ಲಪ್ ಅಂತ ಒಬ್ಬ ದನದ ಡಾಕ್ಟ್ರು ಇದ್ರು. ಮಗನ ಮೂರುಗಾಲಿ ಸೈಕಲ್ಲು ಕಲ್ಲು ರಸ್ತಿಯಾಗ ದಡದಡ ಕುಣೀತೈತಿ ಅಂತ ರಬ್ಬರ್ ಕೊಳವಿಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ್ರು. 1888ರಾಗ ಅದಕ್ಕ ಪೇಟೆಂಟ್ ಸಿಕ್ತು. ಮಗನ ಮೈ ನೋಯಬಾರ್ದು ಅಂತ ಒಬ್ಬ ಅಪ್ಪ ಮಾಡಿದ್ದಿದು. ನಮ್ಮ ಮಕ್ಕಳ ಮೈ ನೋಯೋ ಹಂಗ ನಾವು ಅದಕ್ಕ ಎಣ್ಣಿ ಬಳೀತೀವಲ್ಲ!

ಹಂಗಾರ ಪೂಜಿಗೆ ಏನು ಮಾಡ್ಬೇಕು ಅಂತೀರಿ. ಕೇಳ್ರಿ.

ಮೊದಲ್ನೇದು, ಟಯರನ್ನ ನೀರು, ಚೂರು ಸೋಪಿನಪುಡಿ, ತೆಂಗಿನ ನಾರು ಹಾಕಿ ತಿಕ್ಕಿ ತೊಳೀರಿ, ಬಿಸಲಿಗೆ ಒಣಗಿಸ್ರಿ. ತೊಳದ ಟಯರಿನ ಮಾಸಲು ಕರಿ ಅದ ಅದರ ಚೆಂದ. ಪೂಜಿಗೆ ವಿಭೂತಿ ಪಟ್ಟಿ, ಕುಂಕುಮ, ಹೂವು ಸಾಕು. ತೊಳಿಯೋ ನೀರು ದನದ ತೊಟ್ಟಿಗೆ ಹರೀದಂಗ ನೋಡ್ಕಳ್ರಿ.

ಎರಡನೇದು, ತೊಳಿಯೋ ಮುಂದ ಟಯರ್ ಸುತ್ತೂ ಕೈಯಾಡಿಸ್ರಿ. ಅಕ್ಕಿ ಆರಿಸೋ ಕಣ್ಣು ನಮ್ಮದು. ಕಲ್ಲು, ಮೊಳಿ, ಬಿರುಕು, ಉಬ್ಬು ನಮಗ ಕಾಣದಂಗ ಇರಾಕ ಸಾಧ್ಯ ಇಲ್ಲ. ಉಬ್ಬು ಕಂಡ್ರ ಗಾಡಿ ಅಲ್ಲೇ ನಿಂದ್ರಿಸ್ರಿ.

ಮೂರನೇದು, ವಯಸ್ಸು ನೋಡ್ರಿ. ಟಯರಿನ ಪಕ್ಕಕ್ಕ ನಾಲ್ಕು ಅಂಕಿ ಒತ್ತಿರ್ತಾರ. 3518 ಅಂತ ಇದ್ರ 2018ನೇ ವರ್ಷದ 35ನೇ ವಾರದಾಗ ಮಾಡಿದ್ದು ಅಂತ. ಹಳೇ ಟಯರ್ ತರೋ ಗಂಡಸ್ರಿಗೆ "ಅಂಕಿ ಓದ್ಕಂಡು ಬರ್ರಿ, ಪಕ್ಕ ಒರಸಿ ನೋಡ್ರಿ" ಅಂತ ಹೇಳಿ ಕಳಿಸ್ರಿ.

ನಾಲ್ಕನೇದು, ಸವಕಳಿ. ಗ್ರಿಪ್ಪಿನ ಸಂದಿಯಾಗ ಅಲ್ಲಲ್ಲಿ ಸಣ್ಣ ದಿಬ್ಬ ಇರ್ತಾವ. ಟಯರ್ ಸವದು ಆ ದಿಬ್ಬದ ಸಮಕ್ಕ ಬಂತಂದ್ರ ಅದರ ಆಯುಷ್ಯ ಮುಗೀತು ಅಂತ. ಕಾರಿಗೆ ಆ ದಿಬ್ಬ 1.6 ಮಿ.ಮೀ. ಎತ್ತರ ಇರ್ತೈತಿ.

ಐದನೇದು, ಗಾಳಿ. ಎಷ್ಟು ಹಾಕಬೇಕು ಅಂತ ಗಾಡಿ ಪುಸ್ತಕದಾಗ, ಕಾರಿಗಾದ್ರ ಡ್ರೈವರ್ ಬಾಗ್ಲ ಹತ್ರ ಚೀಟಿಯಾಗ ಬರದಿರ್ತಾರ. ಮುಂಜಾನೆ ಗಾಡಿ ಓಡಿಸೋಕಿಂತ ಮೊದ್ಲ, ಟಯರ್ ತಣ್ಣಗಿದ್ದಾಗ ನೋಡಿಸ್ರಿ. ಪೆಟ್ರೋಲ್ ಬಂಕಿನಾಗ ಗಾಳಿಗೆ ದುಡ್ಡು ಕೊಡೋ ಹಂಗಿಲ್ಲ. ಪಾಲಿಶ್ಶಿಗೆ 50 ರೂಪಾಯಿ ಕೊಡೋರು ಪುಕ್ಕಟಿ ಗಾಳಿಗೆ ಬ್ಯಾಸರ ಮಾಡ್ಕೊಂತೀವಿ!

ವಾಟರ್ ಸರ್ವೀಸಿಗೆ ಬಿಡೋರಿದ್ರ ಗಾಡಿ ಬಿಡೋ ಮೊದ್ಲ "ಟಯರಿಗೆ ಏನೂ ಹಚ್ಚಬ್ಯಾಡ್ರಿ" ಅಂತ ಬಾಯಿಬಿಟ್ಟು ಹೇಳ್ರಿ. ಹೇಳದಿದ್ರ ಅವರು ಉಪಕಾರ ಅಂತ ಹಚ್ಚೇ ಕಳಿಸ್ತಾರ. ಹಚ್ಚಿಬಿಟ್ಟಿದ್ರ ಸೋಪಿನ ನೀರು ಹಾಕಿ ಎರಡು ಸಲ ತಿಕ್ಕಿ ತೊಳದು, ಒಣಗಿಸಿ, ಬಿಳಿ ಅರಿವಿ ಒತ್ತಿ ನೋಡ್ರಿ. ಅರಿವಿಗೆ ಜಿಡ್ಡು ಹತ್ತೋದು ನಿಲ್ಲೋ ತನಕ ಯಾರನ್ನೂ ಹಿಂದ ಕೂಡ್ರಿಸಬ್ಯಾಡ್ರಿ. ಹೊಸ ಟಯರ್ ಹಾಕ್ಸಿದ್ರೂ ಮೊದಲ ನೂರು ಕಿಲೋಮೀಟರ್ ಮೆಲ್ಲಕ ಹೋಗ್ರಿ. ಅಚ್ಚಿನಿಂದ ಬಂದ ನುಣುಪು ಹೋಗಾಕ ಅಷ್ಟು ಬೇಕು.

ಕಡೀಕ ಒಂದು ಮಾತು, ನಮ್ಮ ನಮ್ಮೊಳಗ. ಗಂಡಸ್ರು ಬಿದ್ರ ರಸ್ತಿ ಸರಿ ಇಲ್ಲ ಅಂತಾರ. ಹೆಣ್ಮಕ್ಳು ಬಿದ್ರ ಹೆಣ್ಮಕ್ಳು ಸರಿ ಇಲ್ಲ ಅಂತಾರ. ಟಯರ್ ನೋಡೋರು ಯಾರೂ ಇಲ್ಲ. ಅವತ್ತು ಪಂಚಾಯ್ತಿಯಾಗ ನಾನೂ ಬಾಯಿ ಬಿಡಲಿಲ್ಲ, ಪಾಲಿಶ್ ಹಚ್ಚು ಅಂದಾಕಿ ನಾನ ಅಲ್ಲಾ, ಅದಕ್ಕ. ಮಗಳ ಮ್ಯಾಲೆ ತಪ್ಪು ಬಿದ್ದಾಗ ಸುಮ್ನಿದ್ದೆ. ಒಂದು ವರ್ಷ ಆಕಿ ಆ ಮಾತು ಹೊತ್ಕಂಡು ತಿರುಗ್ಯಾಳ. ಇವತ್ತು ನಿಮ್ಮೆಲ್ಲರ ಮುಂದ ಬರದು ಹೇಳ್ತೀನಿ: ತಪ್ಪು ಆಕಿದಲ್ಲ, ನನ್ನದು.

ಈ ಸಲ ನಮ್ಮ ಮನಿ ಆಯುಧ ಪೂಜಿಯಾಗ ಸ್ಕೂಟಿ ನಾನ ತೊಳೀತೀನಿ, ಟಯರ್ ನಾನ ಒಣಗಿಸ್ತೀನಿ. ಪೂಜಿ ಆದ ಮ್ಯಾಲೆ ಮೊಳಿಗಿರೋ ಕೀ ತಗದು ಎಲ್ಲಾರ ಎದುರಿಗೆ ಆಕಿ ಕೈಗೆ ಕೊಡ್ತೀನಿ. ಬನ್ನಿ ಕೊಡಾಕ ಹಿಂದ ಕುಂತು ಹೋಗಾಕಿ ನಾನು. ನೆಗೆಣ್ಣಿ ತಾನೂ ಬರ್ತೀನಿ ಅಂದಾಳ, ಮೂರು ಮಂದಿ ಕೂಡ್ರಬಾರ್ದು ಅಂತ ಬೈದೀನಿ.

ನಿಮ್ಮ ಮನಿ ಡಬ್ಬಿ ಏನು ಮಾಡ್ತೀರಿ, ನೀವ ನೋಡ್ರಿ.